ಕೊಳೆರೋಗದ ಲೇಖನ ಬರೆದೆ, ಯಾರೂ ಕೊನೆಯವರೆಗೆ ಓದುತ್ತಿಲ್ಲ. ಎಲ್ಲಿ ತಿದ್ದಬೇಕು?

ಶರಾವತಿ ಹಿನ್ನೀರು

ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ ನಾನು. ಕೃಷಿ ಪುರವಣಿಗಳಿಗೆ ಆಗಾಗ ಲೇಖನ ಕಳುಹಿಸುತ್ತೇನೆ. ಒಂದೆರಡು ಅಚ್ಚಾಗಿವೆ, ಹೆಚ್ಚಿನವಕ್ಕೆ ಉತ್ತರವೇ ಬಂದಿಲ್ಲ. ವಿಷಯ ಗೊತ್ತಿಲ್ಲವೆಂದಲ್ಲ, ತೋಟದಲ್ಲೇ ಬೆಳೆದವನು. ಆದರೆ ಬರೆಯಲು ಕೂತರೆ ಕೈಯಿಂದ ಬೇರೆ ಯಾರದೋ ಭಾಷೆ ಬರುತ್ತದೆ. ಮನೆಯವಳು ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತೆಂದು ಎದ್ದು ಹೋಗುತ್ತಾಳೆ. ಹಾಲು ಇಟ್ಟಿರುವುದಿಲ್ಲ.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಈಗ ಬರೆಯುತ್ತಿರುವ ಲೇಖನದ ಆರಂಭ ಇದು. ಮುಲಾಜಿಲ್ಲದೆ ಹೇಳಿ.

"ಭಾರತವು ಕೃಷಿ ಪ್ರಧಾನ ದೇಶವಾಗಿದ್ದು, ಕೃಷಿಯೇ ನಮ್ಮ ದೇಶದ ಬೆನ್ನೆಲುಬಾಗಿದೆ. ಅದರಲ್ಲೂ ಮಲೆನಾಡಿನ ಆರ್ಥಿಕತೆಯಲ್ಲಿ ಅಡಿಕೆ ಬೆಳೆಯು ಅತ್ಯಂತ ಮಹತ್ವದ ಪಾತ್ರವನ್ನು ವಹಿಸುತ್ತಾ ಬಂದಿರುತ್ತದೆ. ಆದರೆ ಇತ್ತೀಚಿನ ದಿನಗಳಲ್ಲಿ ಕೊಳೆರೋಗವು ರೈತರ ನಿದ್ದೆಗೆಡಿಸಿದ್ದು, ಇದರ ನಿಯಂತ್ರಣಕ್ಕಾಗಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಕೈಗೊಳ್ಳಬೇಕಾದ ಅನಿವಾರ್ಯತೆ ಎದುರಾಗಿದೆ. ಸುಣ್ಣ ಹಾಗೂ ಮೈಲುತುತ್ತನ್ನು ಸೂಕ್ತ ಪ್ರಮಾಣದಲ್ಲಿ ಬೆರೆಸಿ ಸಕಾಲದಲ್ಲಿ ಸಿಂಪಡಿಸಿದಲ್ಲಿ ರೋಗವನ್ನು ಪರಿಣಾಮಕಾರಿಯಾಗಿ ತಡೆಗಟ್ಟಬಹುದಾಗಿದೆ."

ಹಳೆಯ ಡೆಸ್ಕು

ದಿನಪತ್ರಿಕೆಯೊಂದರ ಪುರವಣಿಯಲ್ಲಿ ಉಪಸಂಪಾದಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಮುಲಾಜು ಬೇಡ ಎಂದಿದ್ದೀರಿ, ಹಾಗಾಗಿ ಹೇಳುತ್ತೇನೆ.

ಮೊದಲ ಎರಡು ವಾಕ್ಯಗಳನ್ನು ಹೊಡೆದು ಹಾಕಿ. ಕೃಷಿ ಪುರವಣಿಯನ್ನು ಬಿಡಿಸಿ ಕೂತವನಿಗೆ ಭಾರತ ಕೃಷಿ ಪ್ರಧಾನ ದೇಶವೆಂದು ಹೇಳುವ ಅಗತ್ಯವಿಲ್ಲ. ಡೆಸ್ಕಿಗೆ ಬರುತ್ತಿದ್ದ ಲೇಖನಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತಿದ್ದವು. ನಮ್ಮ ಪೆನ್ನು ತಾನಾಗಿಯೇ ಮೂರನೆಯ ವಾಕ್ಯಕ್ಕೆ ಹೋಗಿ ನಿಲ್ಲುತ್ತಿತ್ತು.

ಮೂರನೆಯ ವಾಕ್ಯದಲ್ಲಿ "ಇತ್ತೀಚಿನ ದಿನಗಳಲ್ಲಿ" ಎಂದಿದೆ. ಇದು ಬರೀ ಸವಕಲು ಮಾತಲ್ಲ, ಸುಳ್ಳು. ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದದ್ದು 1908ರಲ್ಲಿ. ಬಂದ ಹೊಸತರಲ್ಲೇ ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ಮಲೆನಾಡಿನ ಕೊಳೆರೋಗವೂ ಒಂದು. ನಿಮ್ಮ ಮುತ್ತಜ್ಜನ ನಿದ್ದೆಯನ್ನೂ ಈ ರೋಗ ಕೆಡಿಸಿರಬೇಕು. "ಇತ್ತೀಚೆಗೆ" ಎಂದು ಬರೆಯುವ ಮೊದಲು ಯಾವಾಗಿನಿಂದ ಎಂದು ಒಮ್ಮೆ ಕೇಳಿಕೊಂಡಿದ್ದರೆ ಅಲ್ಲೇ ನಿಮಗೊಂದು ಒಳ್ಳೆಯ ಪ್ಯಾರಾ ಸಿಗುತ್ತಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು. "ಸೂಕ್ತ ಪ್ರಮಾಣ" ಎಂದರೆ ಎಷ್ಟು? "ಸಕಾಲ" ಎಂದರೆ ಯಾವಾಗ? ಓದುಗ ಪೇಪರು ಬಿಡಿಸಿದ್ದೇ ಆ ಎರಡು ಉತ್ತರಗಳಿಗಾಗಿ. ಉತ್ತರ ಇರಬೇಕಾದ ಜಾಗದಲ್ಲಿ ನೀವು ವಿಶೇಷಣ ಇಟ್ಟು ಮುಂದೆ ಹೋಗಿದ್ದೀರಿ. ಉತ್ತರ ನಿಮಗೆ ಗೊತ್ತಿದೆ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಗೊತ್ತಿಲ್ಲದವನು ಹಾಗೆ ಬರೆದರೆ ಅರ್ಥವಾಗುತ್ತದೆ.

ಗುಡ್ಡದ ತೋಟ

ಡೆಸ್ಕಿನವರು ಸ್ವಲ್ಪ ಜೋರಾಗಿ ಹೇಳಿದರೂ ಹೇಳಿದ್ದು ಸರಿ. ನಾನು ಪುತ್ತೂರಿನ ಕಡೆಯವನು. ನಮ್ಮಲ್ಲಿ 1988ರಿಂದ 'ಅಡಿಕೆ ಪತ್ರಿಕೆ' ಬರುತ್ತಿದೆ. ಅದರ ಸಂಪಾದಕರಾದ ಶ್ರೀಪಡ್ರೆಯವರು ಸ್ವತಃ ಕೃಷಿಕರು. ಕೃಷಿಕರ ಕೈಗೆ ಲೇಖನಿ ಕೊಡಬೇಕು ಎಂಬುದು ಆ ಪತ್ರಿಕೆ ಮೊದಲಿನಿಂದ ಹಿಡಿದ ಹಟ. ಗುದ್ದಲಿ ಹಿಡಿದು ತೋಟಕ್ಕಿಳಿಯುವವರಿಗೆ ಬರವಣಿಗೆಯ ಶಿಬಿರ ನಡೆಸಿದವರು ಅವರು. ಆ ಗಾಳಿಯಲ್ಲಿ ಬೆಳೆದದ್ದರಿಂದ ನನಗೊಂದು ಅಭ್ಯಾಸ ಬಂತು: ಬರೆಯುವ ಮೊದಲು, ಪಕ್ಕದ ಊರಿನ ಬೆಳೆಗಾರ ನನ್ನ ಜಗಲಿಯಲ್ಲಿ ಕೂತು ಈ ವಿಷಯದ ಬಗ್ಗೆ ಏನೇನು ಕೇಳುತ್ತಾನೆ ಎಂದು ಪಟ್ಟಿ ಮಾಡುತ್ತೇನೆ.

ಕೊಳೆರೋಗದ ಬಗ್ಗೆ ಅವನು ಏನು ಕೇಳುತ್ತಾನೆ ನೋಡಿ. ಮೊದಲನೆಯ ಮದ್ದು ಯಾವಾಗ ಬಿಟ್ಟಿರಿ? ಎರಡನೆಯದಕ್ಕೆ ಎಷ್ಟು ದಿನ ಕಾದಿರಿ? ಬಿಟ್ಟ ಮೇಲೆ ಎಷ್ಟು ಹೊತ್ತಿಗೆ ಮಳೆ ಬಂತು? ಮದ್ದು ಅಂಟಿ ಕೂರಲೆಂದು ರಾಳ ಸೇರಿಸಿದ್ದಿರಾ? ಒಂದು ಡ್ರಮ್ಮಿಗೆ ಎಷ್ಟು ಮರ ಮುಗಿಯಿತು? ಮರ ಹತ್ತಿಸಿದಿರೋ, ಕೆಳಗೆ ನಿಂತೇ ಉದ್ದ ಕೋಲಿನ ದೋಟಿಯಲ್ಲಿ ಬಿಟ್ಟಿರೋ? ಆಳಿಗೆ ದಿನಕ್ಕೆ ಎಷ್ಟು? ಇಷ್ಟೂ ಪ್ರಶ್ನೆಗಳಲ್ಲಿ ಒಂದಕ್ಕೂ ನಿಮ್ಮ ಪ್ಯಾರಾದಲ್ಲಿ ಉತ್ತರ ಇಲ್ಲ. ಅವನು ಕೇಳದೇ ಇರುವ ಪ್ರಶ್ನೆ ಒಂದೇ: ಭಾರತದ ಬೆನ್ನೆಲುಬು ಯಾವುದು?

ಇನ್ನೊಂದು ವಿಷಯ. ನಿಮ್ಮ ತೋಟ ಒಂದನ್ನೇ ನಂಬಿ ಬರೆಯಬೇಡಿ. ಕೊಳೆ ಬಂದ ತೋಟಕ್ಕೂ ಹೋಗಿ, ಪಕ್ಕದಲ್ಲೇ ಇದ್ದೂ ಬಾರದ ತೋಟಕ್ಕೂ ಹೋಗಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಲೇಖನ.

ಬಯಲುಸೀಮೆ

ಚನ್ನಗಿರಿ ಕಡೆಯವನು. ನಮ್ಮಲ್ಲಿ ನಿಮ್ಮಷ್ಟು ಕೊಳೆಯ ಕಾಟವಿಲ್ಲ, ಆದರೆ ಕೃಷಿ ಲೇಖನಗಳ ಕಾಟ ಬೇಕಾದಷ್ಟಿದೆ.

ನನ್ನ ತಕರಾರು ಭಾಷೆಯದ್ದಲ್ಲ, ಲೆಕ್ಕದ್ದು. "ಎಕರೆಗೆ ಇಷ್ಟು ಲಕ್ಷ ಆದಾಯ" ಎಂದು ತಲೆಬರಹ ಕೊಡುತ್ತಾರೆ. ಅದು ಮಾರಾಟದ ಮೊತ್ತವೋ, ಖರ್ಚು ಕಳೆದು ಉಳಿದದ್ದೋ? ಸಸಿಗೆ, ಕೊಳವೆಬಾವಿಗೆ, ಹನಿ ನೀರಾವರಿಗೆ ಹಾಕಿದ್ದನ್ನು ಎಲ್ಲಿ ಹಾಕಿದರು? ಮನೆಯವರ ದುಡಿಮೆಗೆ ಕೂಲಿ ಹಿಡಿದರೋ ಇಲ್ಲವೋ? ಹಸಿ ಅಡಿಕೆಯ ದರವನ್ನೂ ರಾಶಿ ಎಂಬ ಒಣ ಅಡಿಕೆಯ ದರವನ್ನೂ ಕಲಸಿ ಬರೆದ ಲೇಖನ ನೋಡಿದ್ದೇನೆ. ಬರೆದವನಿಗೆ ಸಿಪ್ಪೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ತೂಕ ಇಳಿಯುತ್ತದೆ ಎಂಬುದೇ ಗೊತ್ತಿರಲಿಲ್ಲ. ಅಂಥ ಒಂದು ಯಶೋಗಾಥೆ ಓದಿ ನಮ್ಮೂರಿನ ಇಬ್ಬರು ಸಾಲ ಮಾಡಿ ಹೊಸ ಬೆಳೆಗೆ ಕೈಹಾಕಿದರು. ಸಾಲ ಇನ್ನೂ ಇದೆ, ಬೆಳೆ ಇಲ್ಲ.

ಹಾಗಾಗಿ ನನ್ನ ಸಲಹೆ ಸಣ್ಣದು. ಅಂಕಿ ಬರೆದ ಕಡೆಯಲ್ಲೆಲ್ಲ ಅದು ಯಾವುದರ ಅಂಕಿ, ಯಾವ ವರ್ಷದ್ದು, ಯಾರು ಹೇಳಿದ್ದು ಎಂದು ಪಕ್ಕದಲ್ಲೇ ಬರೆಯಿರಿ. ಬರೆಯಲಾಗದಿದ್ದರೆ ಅಂಕಿಯನ್ನು ತೆಗೆಯಿರಿ.

ಸಸ್ಯಶಾಸ್ತ್ರದ ಮೇಷ್ಟರು

ಎಲ್ಲರೂ ಬೋರ್ಡೋ ಎನ್ನುತ್ತಿದ್ದೀರಿ, ಅದನ್ನು ಬರೆಯುವುದು ಹೇಗೆಂದು ನೋಡೋಣ. ಕೃಷಿ ಲೇಖನದಲ್ಲಿ ಅತ್ಯಂತ ಕಷ್ಟದ ಭಾಗ ವಿಧಾನ ವಿವರಿಸುವುದು. ಒಂದು ಹೆಜ್ಜೆ ಹಿಂದೆಮುಂದಾದರೆ ಓದುಗನ ಬೆಳೆ ಹೋಗುತ್ತದೆ, ಬರೆದವನಿಗೆ ಏನೂ ಆಗುವುದಿಲ್ಲ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರಿನಲ್ಲಿ ಕರಗಿಸಬೇಕು. ಸುಣ್ಣವನ್ನು ಇನ್ನೊಂದು ಡ್ರಮ್ಮಿನ 50 ಲೀಟರಿನಲ್ಲಿ ಕದಡಿ ಸೋಸಿಕೊಳ್ಳಬೇಕು. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಬಿಡದೆ ಕಲಕಬೇಕು. ನಿಮ್ಮ ಪ್ಯಾರಾದಲ್ಲಿ "ಬೆರೆಸಿ" ಎಂಬ ಒಂದೇ ಮಾತಿನಲ್ಲಿ ಈ ಕ್ರಮ ಮಾಯವಾಗಿದೆ. ಸುಣ್ಣದ ನೀರನ್ನು ಮೈಲುತುತ್ತಿಗೆ ಸುರಿದರೆ ಕಣಗಳು ದಪ್ಪವಾಗಿ ಬೇಗ ತಳ ಸೇರುತ್ತವೆ, ಕಾಯಿಗೆ ಸರಿಯಾಗಿ ಅಂಟುವುದಿಲ್ಲ. ಕಬ್ಬಿಣದ ಪಾತ್ರೆ ಬಳಸಬಾರದು, ತಾಮ್ರ ಅದಕ್ಕೆ ಅಂಟಿಕೊಂಡು ದ್ರಾವಣದ ಸತ್ವ ಹೋಗುತ್ತದೆ. ಹದ ನೋಡಲು ಹೊಳಪಿರುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ತುದಿಗೆ ಕೆಂಪು ಬಣ್ಣ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು.

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಈ ಕೆಲಸ ಎಂದೂ ಮಾಡದವರೊಬ್ಬರಿಗೆ ನಿಮ್ಮ ಪ್ಯಾರಾ ಓದಲು ಕೊಟ್ಟು, ಎರಡು ಬಕೆಟ್ ಮುಂದಿಟ್ಟು, ಬರೀ ನೀರಿನಲ್ಲೇ ಮಾಡಿ ತೋರಿಸಿ ಎನ್ನಿ. ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ವಾಕ್ಯ ಕಡಿಮೆಯಾಗಿದೆ.

ಆರಂಭಕ್ಕೆ ಬೇಕಿದ್ದರೆ ಬೋರ್ಡೋದ ಹುಟ್ಟಿನ ಕಥೆ ಇದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದೇ ಇದ್ದುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದರು, ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಓದುಗನನ್ನು ಹಿಡಿದು ಕೂರಿಸುವ ಕಥೆ.

ಹಳೆಯ ಡೆಸ್ಕು

ಮೇಷ್ಟರೇ, ಕಥೆ ಚೆನ್ನಾಗಿದೆ, ಆದರೆ ಆರಂಭಕ್ಕೆ ನಾನು ಒಪ್ಪುವುದಿಲ್ಲ. ತೋಟದಲ್ಲಿ ಕಾಯಿ ಉದುರುತ್ತಿರುವವನನ್ನು ಮೊದಲು ಫ್ರಾನ್ಸಿಗೆ ಕರೆದುಕೊಂಡು ಹೋಗಬೇಡಿ. ದ್ರಾವಣ ತಯಾರಿಸುವ ಪ್ಯಾರಾ ಮುಗಿದು ಓದುಗ ಒಂದು ಉಸಿರು ಬಿಡುವ ಜಾಗದಲ್ಲಿ ಮೂರು ಸಾಲಿನಲ್ಲಿ ಹೇಳಿ, ಅಲ್ಲಿ ಅದು ಉಂಡ ಮೇಲಿನ ಎಲೆಯಡಿಕೆ.

ಸಸ್ಯಶಾಸ್ತ್ರದ ಮೇಷ್ಟರು

ಪುರವಣಿಗೆ ಅದು ಸರಿ ಇರಬಹುದು. ಮಾಸಪತ್ರಿಕೆಯ ದೊಡ್ಡ ಲೇಖನಕ್ಕೆ ನನ್ನ ಮಾತನ್ನೇ ಹಿಡಿಯುತ್ತೇನೆ. ಅಲ್ಲಿನ ಓದುಗರಿಗೆ ಅವಸರ ಇರುವುದಿಲ್ಲ, ಅವರಲ್ಲಿ ಎಷ್ಟೋ ಜನರಿಗೆ ಅಡಿಕೆ ತೋಟವೇ ಇರುವುದಿಲ್ಲ.

ಬರೀ ಓದುಗಿ

ನಾನು ಬರೆಯುವವಳಲ್ಲ. ಸಿದ್ದಾಪುರದ ಕಡೆ ತವರು, ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಿಮ್ಮ ಚರ್ಚೆ ಓದುತ್ತಾ ಒಂದು ಪ್ರಶ್ನೆ ಬಂತು. ಈ ಔಷಧಿಯನ್ನು ಕಲಸುವವರು ಯಾರು?

ನಮ್ಮ ಮನೆಯಲ್ಲಿ ಅಡಿಕೆಯ ಕೊನೆ (ಗೊನೆ) ಕೊಯ್ಯುವ, ಔಷಧಿ ಹೊಡೆಯುವ ಕೊನೆಗೌಡರು ಮರದ ಮೇಲಿರುತ್ತಿದ್ದರು, ಅಪ್ಪಯ್ಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. ಹಿಂದಿನ ಸಂಜೆಯೇ ಸುಣ್ಣ ನೆನೆಹಾಕಿ, ಬೆಳಿಗ್ಗೆ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ಅಷ್ಟೂ ನೀರು ಹೊತ್ತು ತರುತ್ತಿದ್ದದ್ದು ಆಯಿ ಮತ್ತು ಕೆಲಸಕ್ಕೆ ಬರುತ್ತಿದ್ದ ಹೆಂಗಸರು. ಸುಣ್ಣ ತಾಗಿ ಆಯಿಯ ಬೆರಳ ಸಂದಿಗಳು ಬಿರಿದಿರುತ್ತಿದ್ದವು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದಳು. ಇಷ್ಟು ವರ್ಷ ಕೃಷಿ ಪುರವಣಿ ಓದಿದ್ದೇನೆ. "ರೈತರು ಸಿಂಪಡಿಸುತ್ತಾರೆ" ಎಂದು ಬರೆದದ್ದೇ ಬರೆದದ್ದು, ಸುಣ್ಣ ಸೋಸುವ ಕೈ ಯಾರದೆಂದು ಒಬ್ಬರೂ ಬರೆಯಲಿಲ್ಲ. ಕೈಗವಸು ಹಾಕಿಕೊಳ್ಳಿ ಎಂಬ ಒಂದು ಸಾಲೂ ಇರುತ್ತಿರಲಿಲ್ಲ.

ನಿಮ್ಮ ಮನೆಯವರು ಎರಡನೆಯ ಪ್ಯಾರಾಕ್ಕೆ ಎದ್ದು ಹೋಗುತ್ತಾರೆ ಎಂದಿರಿ. ಅವರು ಮಾಡುವ ಕೆಲಸ ಆ ಲೇಖನದಲ್ಲಿ ಇದೆಯೇ?

ಶರಾವತಿ ಹಿನ್ನೀರು

ಓದುಗಿಯವರ ಪ್ರಶ್ನೆಯನ್ನು ಮನೆಯಲ್ಲಿ ಕೇಳಿದೆ. ಬಂದ ಉತ್ತರದಲ್ಲಿ ಅರ್ಧವನ್ನು ಇಲ್ಲಿ ಬರೆಯುವಂತಿಲ್ಲ, ಇನ್ನರ್ಧ ಲೇಖನಕ್ಕೆ ಸೇರಿದೆ.

ಗುಡ್ಡದ ತೋಟದವರು ಹೇಳಿದಂತೆ ಪಕ್ಕದ ತೋಟಕ್ಕೂ ಹೋಗಿ ಬಂದೆ. ಅಲ್ಲಿ ಒಬ್ಬ ಹಿರಿಯರು ಈಗಲೂ ಕೆಲವು ಮರಗಳ ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟಿಸುತ್ತಾರೆ, ಔಷಧಿ ಬರುವ ಮೊದಲಿನ ಪದ್ಧತಿ. ಮಳೆಯ ನೀರೇ ಅಡಿಕೆ ಕೊನೆಯ ಮೇಲೆ ಬೀಳದಿದ್ದರೆ ಕೊಳೆ ಎಲ್ಲಿಂದ ಬಂತು ಎನ್ನುವುದು ಅವರ ವಾದ. ಕಟ್ಟುವವರು ಸಿಗದೆ ಅದನ್ನೂ ಕಡಿಮೆ ಮಾಡುತ್ತಿದ್ದಾರೆ. ಹೊಸ ಆರಂಭ ಇದು:

"ಮಳೆಗಾಲದ ಮಧ್ಯೆ ಹಸಿ ಅಡಿಕೆ ಉದುರಲು ಶುರುವಾದರೆ ಕತ್ತೆತ್ತಿ ಕೊನೆ ನೋಡುವ ಮೊದಲು ನೆಲ ನೋಡಬೇಕು. ಬಿದ್ದ ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂತಹ ಕಡುಹಸಿರು ಕಲೆ ಇದ್ದು, ಒಂದೆರಡು ದಿನಗಳಲ್ಲಿ ಅದರ ಮೇಲೆ ಬಿಳಿ ಬೂಷ್ಟು ಹಬ್ಬಿದರೆ ಅದು ಕೊಳೆ. ಕಳೆದ ಪುಷ್ಯ ಮಳೆಯಲ್ಲಿ ನಮ್ಮ ಕೆಳಗಿನ ತೋಟಕ್ಕೆ ಇದು ಬಂತು. ಮುಂಗಾರಿಗೆ ಮುಂಚೆ ಹೊಡೆಸಿದ ಔಷಧಿಯ ಅವಧಿ ಮುಗಿದಿತ್ತು. 40ರಿಂದ 45 ದಿನಕ್ಕೆ ಎರಡನೆಯ ಬಾರಿ ಹೊಡೆಸಬೇಕಿತ್ತು, ಆದರೆ ಮಳೆ ಬಿಡುವು ಕೊಟ್ಟ ದಿನ ಕೊನೆಗೌಡರು ಇನ್ನೊಬ್ಬರ ತೋಟದಲ್ಲಿದ್ದರು, ಅವರು ಬಂದ ದಿನ ಮಳೆ ಬಿಡಲಿಲ್ಲ. ದರೆಯ ಮೇಲಿನ ನೆರೆಮನೆಯವರ ತೋಟದಲ್ಲಿ ಒಂದು ಕಾಯಿಯೂ ಉದುರಲಿಲ್ಲ. ಅವರು ಹಿಂದಿನ ಬೇಸಿಗೆಯಲ್ಲಿ ದೋಟಿ ಕೊಂಡು, ಮಗನಿಗೆ ಕಲಿಸಿದ್ದರು. ಆದ್ದರಿಂದ ರೈತ ಬಾಂಧವರು ಸಕಾಲದಲ್ಲಿ ಎಚ್ಚೆತ್ತುಕೊಂಡು ಮುಂಜಾಗ್ರತಾ ಕ್ರಮಗಳನ್ನು ಅನುಸರಿಸುವುದು ಅತ್ಯವಶ್ಯಕವಾಗಿದೆ."

ಹಳೆಯ ಡೆಸ್ಕು

ಇದನ್ನು ನಾನಾಗಿದ್ದರೆ ಹಾಕುತ್ತಿದ್ದೆ. ಕೊನೆಯ ವಾಕ್ಯ ಬಿಟ್ಟು. ಮೇಲಿನಷ್ಟನ್ನೂ ನೀವು ಬರೆದಿದ್ದೀರಿ, "ರೈತ ಬಾಂಧವರು" ವಾಕ್ಯವನ್ನು ಕೃಷಿ ಇಲಾಖೆಯ ಕರಪತ್ರ ಬರೆದಿದೆ. ದೋಟಿಯ ಮಾತು ಬಂದ ಮೇಲೆ ಎಚ್ಚೆತ್ತುಕೊಳ್ಳಿ ಎಂದು ಬೇರೆ ಹೇಳಬೇಕೇ?

ಸಣ್ಣ ತಿದ್ದುಪಡಿಗಳು. "ಔಷಧಿಯ ಅವಧಿ ಮುಗಿದಿತ್ತು" ಎಂಬುದು ಸಪ್ಪೆ. ಮೊದಲ ಬಾರಿ ಹೊಡೆಸಿದ ತಾರೀಖನ್ನೇ ಕೊಡಿ, ಲೆಕ್ಕ ಓದುಗನೇ ಹಾಕಿಕೊಳ್ಳುತ್ತಾನೆ. "ಪುಷ್ಯ ಮಳೆ" ಇರಲಿ, ಪಕ್ಕದಲ್ಲಿ ಜುಲೈ ಕೊನೆ ಎಂದು ಸೇರಿಸಿ. ನಿಮ್ಮ ಊರಿನವರಿಗೆ ಮೊದಲನೆಯದು ಸಾಕು, ಪೇಟೆಯ ಓದುಗರಿಗೆ ಎರಡನೆಯದು ಬೇಕು. ಕೊನೆಗೌಡರು ಎಂದರೆ ಯಾರೆಂದು ಬಯಲುಸೀಮೆಯವರಿಗೆ ಅರ್ಧ ವಾಕ್ಯದಲ್ಲಿ ತಿಳಿಸಿ.

ಗುಡ್ಡದ ತೋಟ

ಕೊನೆಗೌಡರು ಎಂಬುದನ್ನು ಮಾತ್ರ ತೆಗೆಯಬೇಡಿ. ಹಿಂದೆ ನನ್ನ ಲೇಖನವೊಂದರಲ್ಲಿ "ಮದ್ದು ಬಿಡುವುದು" ಎಂದು ಬರೆದದ್ದನ್ನು ಯಾರೋ "ಔಷಧ ಸಿಂಪಡಣೆ" ಮಾಡಿದ್ದರು. ಊರಿನಲ್ಲಿ ಓದಿದವರು ಇದು ನೀನು ಬರೆದದ್ದಲ್ಲ ಬಿಡು ಎಂದರು.

ಹಳೆಯ ಡೆಸ್ಕು

ಆ ಪಾಪದಲ್ಲಿ ಡೆಸ್ಕಿನ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಒಂದೇ ಪುರವಣಿ ಬೀದರಿನಲ್ಲೂ ಓದಬೇಕು, ಬೈಂದೂರಿನಲ್ಲೂ ಓದಬೇಕು. ಊರಿನ ಮಾತು ಇರಲಿ, ಸುತ್ತಲಿನ ವಾಕ್ಯ ಅದರ ಅರ್ಥವನ್ನು ಬಿಟ್ಟುಕೊಡುವಂತಿರಲಿ.

ಬಯಲುಸೀಮೆ

ನಿಮ್ಮ ಪಕ್ಕದ ಮನೆಯವರ ದೋಟಿಗೆ ಎಷ್ಟು ಬಿತ್ತು, ಸಹಾಯಧನ ಬಂತೇ, ಮಗ ದಿನಕ್ಕೆ ಎಷ್ಟು ಮರ ಮುಗಿಸುತ್ತಾನೆ ಎಂಬುದು ಲೇಖನದಲ್ಲಿ ಇಲ್ಲದಿದ್ದರೆ ನಾನು ಮತ್ತೆ ಇಲ್ಲಿಗೇ ಬಂದು ಕೇಳುತ್ತೇನೆ.

ಇನ್ನೊಂದು. ನಿಮಗೆ ಬರೆಯಲು ಕೂತಾಗ ಬೇರೆಯವರ ಭಾಷೆ ಬರುತ್ತದೆ ಎಂದಿರಿ. ಮೊಬೈಲಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ. ತೋಟದಲ್ಲಿ ನಡೆಯುತ್ತಾ, ತಮ್ಮನಿಗೆ ಹೇಳುವಂತೆ ಹೇಳಿ. ಒತ್ತಕ್ಷರ ಅಲ್ಲಲ್ಲಿ ಎಡವುತ್ತದೆ, ಸಂಜೆ ಕೂತು ತಿದ್ದಿಕೊಳ್ಳಬಹುದು. ಬಾಯಲ್ಲಿ ಯಾರೂ "ಮಹತ್ವದ ಪಾತ್ರವನ್ನು ವಹಿಸುತ್ತಾ ಬಂದಿರುತ್ತದೆ" ಎನ್ನುವುದಿಲ್ಲ. ಈಗ ಕಂಪ್ಯೂಟರಿಗೇ ಲೇಖನ ಬರೆಯಲು ಹೇಳುವವರೂ ಇದ್ದಾರೆ. ನಾನೂ ಕೇಳಿ ನೋಡಿದೆ. ಮೊದಲ ವಾಕ್ಯ ಏನು ಬಂತು ಊಹಿಸಿ.

ಬರೀ ಓದುಗಿ

ಕೃಷಿ ಪ್ರಧಾನ ದೇಶ?

ಬಯಲುಸೀಮೆ

ಬೆನ್ನೆಲುಬಿನ ಸಮೇತ.

ಸಸ್ಯಶಾಸ್ತ್ರದ ಮೇಷ್ಟರು

ಕಳುಹಿಸುವ ಮೊದಲು ರೋಗದ ಲಕ್ಷಣ ಮತ್ತು ಪ್ರಮಾಣದ ಭಾಗವನ್ನು ಬಲ್ಲವರೊಬ್ಬರಿಗೆ ತೋರಿಸಿ. ನಿಮ್ಮ ತಾಲ್ಲೂಕಿನಲ್ಲೇ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ಇದೆ. ದಕ್ಷಿಣ ಕನ್ನಡದವರಿಗೆ ವಿಟ್ಲದಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರವಿದೆ. ಇಡೀ ಲೇಖನ ಕೊಟ್ಟು ಅಭಿಪ್ರಾಯ ಕೇಳಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ. "ಈ ಎರಡು ಪ್ಯಾರಾಗಳಲ್ಲಿ ತಪ್ಪಿದೆಯೇ" ಎಂದು ಕೇಳಿ. ಹಿರಿಯರ ಕೊಟ್ಟೆಯ ಬಗ್ಗೆಯೂ ಕೇಳಿ. ಅವರ ವಾದದಲ್ಲಿ ಹುರುಳಿದೆ. ಕೊಳೆಯ ರೋಗಾಣು ಮಳೆಹನಿ ಸಿಡಿದು, ಗಾಳಿಗೆ ಹಾರಿ ಒಂದು ಅಡಿಕೆ ಕೊನೆಯಿಂದ ಇನ್ನೊಂದಕ್ಕೆ ಹರಡುತ್ತದೆ. ಉದುರಿದ ಕಾಯಿಗಳನ್ನು ಆರಿಸಿ ತೋಟದಿಂದ ಹೊರಗೆ ಹಾಕಿ ನಾಶಮಾಡಬೇಕು ಎಂಬ ಮಾತೂ ನಿಮ್ಮ ಲೇಖನದಲ್ಲಿ ಇನ್ನೂ ಬಂದಿಲ್ಲ.

ಶರಾವತಿ ಹಿನ್ನೀರು

ಸೇರಿಸಿದೆ. ಈಗ ಲೇಖನ 1,400 ಪದ ಮುಟ್ಟಿದೆ. ಕೊಟ್ಟೆ ಕಟ್ಟುವ ಹಿರಿಯರ ಮಾತೇ 400 ಪದ ಆಗಿದೆ, ಒಂದನ್ನೂ ಬಿಡಲು ಮನಸ್ಸು ಬರುತ್ತಿಲ್ಲ.

ಹಳೆಯ ಡೆಸ್ಕು

ಬಿಡಬೇಡಿ, ಬೇರೆ ಮಾಡಿ. ಕೊಟ್ಟೆಯ ಹಿರಿಯರು ಇನ್ನೊಂದು ಲೇಖನ. ಕೊಳೆಯ ಲೇಖನದಲ್ಲಿ ಅವರಿಗೆ ಎರಡು ಸಾಲು ಸಾಕು. ಪುರವಣಿಯ ಪುಟಕ್ಕೆ 600ರಿಂದ 800 ಪದ ಕೊಟ್ಟರೆ ಚಿತ್ರಕ್ಕೂ ಜಾಗ ಉಳಿಯುತ್ತದೆ. ಉದ್ದ ಕಳುಹಿಸಿದರೆ ನಾವು ಕತ್ತರಿಸುತ್ತೇವೆ, ಡೆಡ್‌ಲೈನಿನ ಹೊತ್ತಿನಲ್ಲಿ ಕತ್ತರಿ ಬಾಲದಿಂದಲೇ ಶುರುವಾಗುತ್ತದೆ. ನಿಮ್ಮ ಮನೆಯವರ ಕೈಗವಸಿನ ಪ್ಯಾರಾ ಕೊನೆಯಲ್ಲಿದ್ದರೆ ಮೊದಲು ಹೋಗುವುದು ಅದೇ. ಅದನ್ನು ದ್ರಾವಣ ಕಲಸುವ ಭಾಗದ ಒಳಗೇ ಸೇರಿಸಿಬಿಡಿ.

ಸಮಯವೂ ಮುಖ್ಯ. ಕೊಳೆರೋಗದ ಲೇಖನಗಳು ಡೆಸ್ಕಿಗೆ ಬರುತ್ತಿದ್ದದ್ದು ಆಗಸ್ಟಿನಲ್ಲಿ, ಬರೆಯುವವರ ತೋಟದಲ್ಲಿ ಕಾಯಿ ಉದುರಿದ ಮೇಲೆ. ಓದುಗನಿಗೆ ಅದು ಬೇಕಾದದ್ದು ಮೇ ತಿಂಗಳಲ್ಲಿ, ಸುಣ್ಣ ಮೈಲುತುತ್ತು ಕೊಳ್ಳುವ ಮೊದಲು. ಏಪ್ರಿಲ್ ಕೊನೆಗೆ ಸಂಪಾದಕರ ಕೈಸೇರುವಂತೆ ಕಳುಹಿಸಿ.

ಗುಡ್ಡದ ತೋಟ

ಚಿತ್ರಗಳನ್ನು ಮಾತ್ರ ಈ ಮಳೆಗಾಲದಲ್ಲೇ ತೆಗೆದಿಟ್ಟುಕೊಳ್ಳಿ, ಏಪ್ರಿಲ್‌ನಲ್ಲಿ ಬೂಷ್ಟು ಹಿಡಿದ ಕಾಯಿ ಎಲ್ಲಿ ಸಿಗುತ್ತದೆ? ಕಾಯಿಯನ್ನು ಅಂಗೈಯಲ್ಲಿಟ್ಟು ತೊಟ್ಟಿನ ಕಡೆಯಿಂದ ಒಂದು, ಡ್ರಮ್ಮಿನ ಬಳಿ ಸುಣ್ಣ ಸೋಸುತ್ತಿರುವುದು ಒಂದು, ಮಗ ದೋಟಿ ಹಿಡಿದಿರುವುದು ಒಂದು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಬೇಡಿ, ಕುಗ್ಗಿ ಅಚ್ಚಿಗೆ ಬಾರದಂತಾಗುತ್ತದೆ, ಇಮೇಲ್‌ಗೆ ಲಗತ್ತಿಸಿ. ಪ್ರತಿ ಚಿತ್ರಕ್ಕೂ ಒಂದು ಸಾಲು ಬರೆದಿಡಿ. ನೆರೆಮನೆಯವರ ಫೋನ್ ಸಂಖ್ಯೆ ಹಾಕುವುದಿದ್ದರೆ ಅವರನ್ನು ಕೇಳಿ, ಯಾವ ಹೊತ್ತಿಗೆ ಕರೆ ಮಾಡಬಹುದೆಂದೂ ಬರೆಯಿರಿ. ಇಲ್ಲದಿದ್ದರೆ ಲೇಖನ ಬಂದ ದಿನ ಅವರು ದೋಟಿ ಕೆಳಗಿಟ್ಟು ಫೋನ್ ಹಿಡಿದೇ ಇರಬೇಕಾಗುತ್ತದೆ.